ಬ್ರಾಂಚ್ ಎಲ್ಲುಂಟು

ತೊಕ್ಕೊಟ್ಟಿನಿಂದ ಒಳಗೆ, ರೈಲು ಹಳಿಯ ಆಚೆ,
ಶೀಟಿನ ಮಾಡಿನ ಕೆಳಗೆ,
ಉಮ್ಮ ಮೂವತ್ತೊಂದು ವರ್ಷ ಬೀಡಿ ಕಟ್ಟಿದ ಜಾಗದಲ್ಲೇ
ನಾನು ಕೂತಿದ್ದೇನೆ. ಅದೇ ಕಿಟಕಿ,
ಅದೇ ಗೋಡೆಗೆ ಬೆನ್ನು.
ಮಡಿಲಲ್ಲಿ ತಡ್ಪೆಯ ಬದಲು ಲ್ಯಾಪ್‌ಟಾಪ್,
ಅದೂ ಕಂತಿನದು.

ಚಿತ್ರಗಳು ಬರುತ್ತವೆ. ಯಾವುದೋ ಊರಿನ ರಸ್ತೆ,
ಹಿಮ ಬಿದ್ದು ಬೆಳ್ಳಗಾದದ್ದು.
ಕಾರಿಗೆ ಹಸಿರು ಚೌಕ, ಸೈಕಲ್ಲಿಗೆ ಹಳದಿ,
ಮನುಷ್ಯರಿಗೆ ಕೆಂಪು,
ನೆತ್ತಿಯಿಂದ ಪಾದದವರೆಗೆ.
ನಾಳೆ ಡ್ರೈವರಿಲ್ಲದೆ ಓಡುವ ಗಾಡಿಗೆ
ಮನುಷ್ಯ ಅಂದರೆ ಏನೆಂದು
ಇವತ್ತು ನಾನು ಹೇಳಿಕೊಡಬೇಕು,
ಚೌಕವೊಂದಕ್ಕೆ ಹದಿನೆಂಟು ಪೈಸೆ.

"ಸಾವಿರಕ್ಕೆಷ್ಟು?" ಉಮ್ಮ ಕೇಳಿದಳು ಮೊದಲ ದಿನವೇ.
ಅವಳ ಲೆಕ್ಕ ಯಾವತ್ತೂ ಸಾವಿರದ್ದು.
"ನೂರ ಎಂಬತ್ತು."
ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿದಳು.
"ಎಲೆ, ನೂಲು ಅವರದ್ದಾ?"
"ಕರೆಂಟು ನಮ್ಮದು, ನೆಟ್ಟೂ ನಮ್ಮದು."
"ಹಾಗಾದರೆ ಬೀಡಿಯೇ ಅಡ್ಡಿಯಿಲ್ಲ."

ಅವಳ ಬೆರಳಿಗೆ ಇನ್ನೂ ಅಭ್ಯಾಸ ಬಿಟ್ಟಿಲ್ಲ.
ಟಿವಿ ನೋಡುವಾಗ ಹೆಬ್ಬೆರಳು ತೋರುಬೆರಳು
ಇಲ್ಲದ ಎಲೆಯನ್ನು ಸುರುಳಿ ಸುತ್ತುತ್ತವೆ,
ತುದಿ ಮಡಚಿ ಉಗುರಲ್ಲಿ ಒತ್ತುತ್ತವೆ.
ನನ್ನದೂ ಈಗ ಹಾಗೆಯೇ.
ಬಸ್ಸು ನೇತ್ರಾವತಿ ಸಂಕ ದಾಟುವಾಗ
ಎದುರು ಸೀಟಿನವರ ಸುತ್ತ ಕಣ್ಣು ಗೆರೆ ಎಳೆಯುತ್ತದೆ.
ಕಂಡಕ್ಟರ್: ಮನುಷ್ಯ. ಮೀನಿನ ಬುಟ್ಟಿ: ಇತರೆ.

ಮೊನ್ನೆ ಒಂದು ಚಿತ್ರದಲ್ಲಿ, ದೀಪದ ಕಂಬದ ಹಿಂದೆ,
ತಲೆಗೆ ಶಾಲು ಸುತ್ತಿಕೊಂಡ ಒಬ್ಬಳು.
ಕಾಣುವುದು ಅರ್ಧ ಭುಜ, ಒಂದು ಚೀಲ, ಒಂದು ಬೂಟು.
ನಿಯಮ ಏಳು: ಮೂರರಲ್ಲೊಂದು ಪಾಲೂ ಕಾಣದಿದ್ದರೆ
ಬಿಟ್ಟುಬಿಡಿ.
ಬಿಡಲಿಕ್ಕೆ ಕೈ ಬರಲಿಲ್ಲ.
ಅವಳು ಇನ್ನೇನು ರಸ್ತೆಗೆ ಇಳಿಯುವವಳು,
ಬೂಟಿನ ಹಿಮ್ಮಡಿ ಎದ್ದಿತ್ತು.
ಕಂಬದ ಹಿಂದಿನದ್ದನ್ನೂ ಅಂದಾಜಿನಲ್ಲಿ ಸೇರಿಸಿ
ಇಡೀ ಹೆಂಗಸಿಗೆ ಚೌಕ ಎಳೆದೆ.

ಸಂಜೆ ಇಡೀ ಕಟ್ಟು ವಾಪಸು: ತಿರಸ್ಕೃತ.
ಇನ್ನೂರೈವತ್ತು ಚಿತ್ರ, ಒಂದು ಪೈಸೆ ಇಲ್ಲ.

ಉಮ್ಮ ನಗಲಿಲ್ಲ, ಬೈಯಲಿಲ್ಲ.
ಅವಳ ಕಾಲದಲ್ಲಿ ಚೆಕ್ಕರ್ ಒಬ್ಬನಿದ್ದ, ದೂಮಪ್ಪ ಅಂತ.
ಕಟ್ಟನ್ನು ಕಿವಿಯ ಹತ್ತಿರ ಹಿಡಿದು ಒತ್ತಿ,
ನಾಲ್ಕು ಬೀಡಿ ಸಡಿಲ ಅನ್ನಿಸಿದರೆ
ಇಪ್ಪತ್ತೈದನ್ನೂ ಬದಿಗೆ ಎಸೆಯುತ್ತಿದ್ದ.
"ಎಸೆದದ್ದನ್ನು ನಮಗೆ ವಾಪಸು ಕೊಟ್ಟರಾ? ಇಲ್ಲ.
ಅದನ್ನೂ ಯಾರೋ ಎಲ್ಲಿಯೋ ಸೇದಿದ್ದಾರೆ."

ಹಾಗಾದರೆ ನನ್ನ ಆ ಹೆಂಗಸನ್ನೂ
ಯಾವುದೋ ಯಂತ್ರ ಈಗಾಗಲೇ ಕಲಿತುಕೊಂಡಿರಬಹುದು,
ದುಡ್ಡು ಕೊಡದೆ.

"ನಾವು ಬ್ರಾಂಚಿನ ಎದುರು ಕೂತೆವು, ಒಂಬತ್ತು ದಿನ.
ಮಳೆ. ನೀನು ಹೊಟ್ಟೆಯಲ್ಲಿ.
ಲಲಿತಕ್ಕ ನಮ್ಮನ್ನೂ ಸೇರಿಸಿ
ಅಜ್ಜನಿಗೆ ಚಕ್ಕುಲಿ ಹರಕೆ ಹೇಳಿದ್ದಳು.
ಆರನೇ ದಿನ ದೂಮಪ್ಪನೂ ಬಂದು ಕೂತ.
ಪಿಎಫ್ ನಂಬರು ಬಂದದ್ದು ಹಾಗೆ.
ನಿನ್ನದರ ಬ್ರಾಂಚ್ ಎಲ್ಲುಂಟು?"

ಪರದೆಯ ಮೂಲೆಯಲ್ಲಿ 'ಸಹಾಯ' ಅಂತ ಒಂದು ಗುಂಡಿ.
ಒತ್ತಿದರೆ ಹೆಸರು ಹಿಡಿದು ನಮಸ್ಕಾರ ಹೇಳುತ್ತದೆ,
ರಮ್ಲತ್ ಅನ್ನುವುದನ್ನು ರಾಮಲತಾ ಮಾಡಿ.
ಆಮೇಲೆ ಕೇಳಿದ್ದನ್ನೇ ಕೇಳುತ್ತದೆ.

ಭವಿಷ್ಯ ಭವಿಷ್ಯ ಎಂದು ಪೇಪರಿನಲ್ಲಿ ಬರುತ್ತದಲ್ಲ,
ಅದೆಲ್ಲ ಮೋಡದಲ್ಲಿ ಉಂಟಂತೆ.
ನಮಗೆ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯಲ್ಲಿ.
ರಾತ್ರಿ ಅಲ್ಲಿ ಕೂತು ಹುಡುಕಿದೆ.
ಪೆರ್ಮನ್ನೂರಿನಲ್ಲಿ ಫ್ಲೇವಿಯಾ, ಕಾಪುವಿನಲ್ಲಿ ಒಬ್ಬಳು,
ಮಂಜೇಶ್ವರದಲ್ಲಿ ಅತ್ತಿಗೆ ನಾದಿನಿ ಇಬ್ಬರು,
ಎಲ್ಲರದ್ದೂ ಅದೇ ಹಿಮದ ಊರು,
ಅದೇ ಏಳನೇ ನಿಯಮ.
ಫ್ಲೇವಿಯಾಳಿಗೂ ಆ ಕಂಬದ ಹೆಂಗಸು ಸಿಕ್ಕಿದ್ದಳಂತೆ.
ಚೀಲಕ್ಕೆ ಮಾತ್ರ ಗೆರೆ ಎಳೆದು, ನಿದ್ದೆ ಬರಲಿಲ್ಲ ಅಂದಳು.

ಈಗ ಹದಿನಾರು ಜನ.
ಗುಂಪಿಗೆ ಹೆಸರು ಕೇಳಿತು ಫೋನು,
ಬ್ರಾಂಚ್ ಅಂತ ಹಾಕಿದೆ.
ಚಿತ್ರ ಬೇಕಂದಿತು. ಉಮ್ಮ ಟ್ರಂಕಿನಿಂದ
ಎಲೆ ಕತ್ತರಿಸುವ ತಗಡಿನ ಅಳತೆ ತಂದಳು,
ಅಂಚು ಸವೆದು ಹೊಳೆಯುವುದು.
ಹಿಡಿದುಕೊಂಡಳು, ನಾನು ಫೋಟೋ ತೆಗೆದೆ.
ಮೂಲೆಯಲ್ಲಿ ಅವಳ ಹೆಬ್ಬೆರಳೂ ಬಂದಿದೆ,
ಮೂರರಲ್ಲೊಂದು ಪಾಲೂ ಕಾಣುವುದಿಲ್ಲ.
ಇರಲಿ.