ಕೈಬದಲಿನ ಹಳಿ

ನೆಬ್ರಾಸ್ಕಾದ ಈ ಮೂಲೆಯಲ್ಲಿ ನಮ್ಮದು
ಮೂವತ್ತೊಂದು ಮೈಲಿ ಹಳಿ,
ಎರಡು ಇಂಜಿನ್ನು, ನಾಲ್ಕು ಜನ, ಒಂದು ನಾಯಿ.
ದೊಡ್ಡ ಕಂಪನಿಯ ನಕಾಶೆಯಲ್ಲಿ ನಾವಿಲ್ಲ.
ಇದ್ದರೂ ಕಾಗದದ ಮಡಿಕೆಯೊಳಗೆ ಎಲ್ಲೋ ಇದ್ದೇವು.

ವೆಸೆಲಿಯಲ್ಲಿ ಅವರ ಹಳಿ ನಮ್ಮ ಹಳಿಯನ್ನು ಮುಟ್ಟುತ್ತದೆ.
ಊರೇನಿಲ್ಲ ಅಲ್ಲಿ. ತಂತಿಬೇಲಿ, ತುಕ್ಕು ಹಿಡಿದ ಫಲಕ,
ಇಬ್ಬರದ್ದೂ ಆಗಿ ಯಾರದ್ದೂ ಅಲ್ಲದ
ಹದಿನಾಲ್ಕು ಡಬ್ಬಿ ಹಿಡಿಸುವ ಪಕ್ಕದ ಹಳಿ.

ರಾತ್ರಿ ಎರಡಕ್ಕೋ ಮೂರಕ್ಕೋ ಬರುತ್ತಾರೆ ಅವರು.
ಒಂದೂವರೆ ಮೈಲಿ ಉದ್ದದ ರೈಲನ್ನು ಕತ್ತಲಲ್ಲಿ ನಿಲ್ಲಿಸಿ
ಇಂಜಿನ್ನಿನ ಬೆನ್ನಿಗಿದ್ದ ಖಾಲಿಗಳನ್ನು ಕಳಚಿ
ಬ್ರೇಕು ಬಿಗಿದು
ಹೋಗಿಬಿಡುತ್ತಾರೆ.

ಏಳಕ್ಕೆ ನಾವು. ಎಮಿಲ್ ಹ್ರುಸ್ಕಾ ಇಂಜಿನ್ನಿನಲ್ಲಿ,
ನಾನು ನೆಲದ ಮೇಲೆ, ಪಟ್ಟಿ ಹಿಡಿದು.
ಅಕ್ಷರ ಓದು, ಅಂಕಿ ಓದು, ಗುರುತು ಹಾಕು.
ಒಂದು ಟೆಕ್ಸಸಿನದು. ಒಂದು ಕೆನಡಾದ್ದು,
ಮೈತುಂಬ ಯಾವನೋ ಹುಡುಗ ಬರೆದ ನೀಲಿ ಹೆಸರು.
ಇನ್ನೊಂದರ ಕಂಪನಿ ಮುಳುಗಿ ಇಪ್ಪತ್ತು ವರ್ಷ,
ಹೆಸರು ಮಾತ್ರ ಇನ್ನೂ ಓಡುತ್ತಿದೆ.

ನಮ್ಮ ಕೈಗೆ ಬಂದ ಗಳಿಗೆಯಿಂದ ಬಾಡಿಗೆ ನಮ್ಮದು, ಗಂಟೆಗಿಷ್ಟು.
ಡಬ್ಬಿ ನಿದ್ದೆ ಮಾಡುತ್ತದೆ, ಲೆಕ್ಕ ಮಾಡುವುದಿಲ್ಲ.
ಒಂಬತ್ತನೆಯದರ ಬಾಗಿಲ ಕೊಕ್ಕೆ ಮುರಿದಿತ್ತು.
ತಗೊಂಡರೆ ನಮ್ಮ ಪಾಪ, ಬಿಟ್ಟರೆ ಅವರ ಪಾಪ.
ಬಿಟ್ಟೆ.

ನಮ್ಮಜ್ಜಿ ಲುಡ್ಮಿಲಾ ಹೇಳುತ್ತಿದ್ದಳು:
ನೆರೆಮನೆಯ ಬಟ್ಟಲನ್ನು ಬರಿದು ಮಾಡಿ ವಾಪಸು ಕೊಡಬೇಡ ಮಾರ್ಲಿಸ್,
ನಾಲ್ಕು ಪ್ಲಮ್ ಆದರೂ ಹಾಕು.
ಗಂಟೆಗೆ ಹತ್ತು ಮೈಲಿಯಂತೆ ತೆವಳಿ
ಎಲಿವೇಟರಿನ ಬಾಯಿ ಕೆಳಗೆ ಒಂದೊಂದನ್ನೇ ನಿಲ್ಲಿಸಿ
ಮುಸುಕಿನ ಜೋಳ ತುಂಬುವಾಗ
ನನಗೆ ಪ್ರತಿ ಸಲ ಆ ಪ್ಲಮ್ಮುಗಳೇ.

ಆ ಕಂಪನಿಯಲ್ಲಿ ಒಬ್ಬನನ್ನು ಬಲ್ಲೆ,
ಮುಖ ನೋಡಿಲ್ಲ, ಬ್ರೇಕಿನಿಂದ ಬಲ್ಲೆ.
ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು ಬಿಗಿಯುತ್ತಿದ್ದ.
ಒಂದು ಫೆಬ್ರವರಿ ಮೊದಲ ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ:
'ಮೂರನೆಯದರ ಮೆಟ್ಟಿಲು ಮಂಜುಗಟ್ಟಿದೆ, ಜೋಪಾನ.'
ಕೆಳಗೆ ನಾನೂ ಬರೆದೆ, 'ಉಪಕಾರವಾಯಿತು.'
ಜೋಳ ತುಂಬಿಕೊಂಡು ಆ ಡಬ್ಬಿ ಮರಳುವ ರಾತ್ರಿ
ಅವನ ಪಾಳಿ ಇತ್ತೋ ಇಲ್ಲವೋ.
ಇಲ್ಲದಿದ್ದರೆ ನನ್ನ ಉಪಕಾರ
ಗಲ್ಫಿನ ಬಂದರಿಗೆ ಹೋಗಿ
ಹಡಗಿನವರ ಮುಂದೆ ನಿಂತಿರುತ್ತದೆ.

ಈ ಚಳಿಗಾಲದಿಂದ ಬ್ರೇಕು ಸಡಿಲ. ಕೈ ಬೇರೆ.
ನಿವೃತ್ತನೋ, ವರ್ಗವೋ, ಕೆಲಸ ಹೋಯಿತೋ,
ಕೇಳಲು ನಮೂನೆಯಲ್ಲಿ ಜಾಗವಿಲ್ಲ.

ಸಂಜೆ ಹನ್ನೊಂದು ತುಂಬಿದವನ್ನು ವೆಸೆಲಿಗೆ ತಂದು
ಬಿಗಿದು, ಮತ್ತೊಂದು ಸುತ್ತು ಬಿಗಿದು, ಸಮಯ ಬರೆದೆ.
'ಆಯಿತೇನೇ?' ಎಂದ ಎಮಿಲ್, ಹೀಟರಿನ ಪಕ್ಕದಿಂದ.

ಒಂಬತ್ತನೆಯದು ಇನ್ನೂ ಅಲ್ಲೇ, ಬಾಗಿಲು ಜೋಲು.
ಒಳಗೆ ಯಾವುದೋ ಹಕ್ಕಿ ಹುಲ್ಲು ತಂದಿಡುತ್ತಿದೆ.
ಅದರ ಬಾಡಿಗೆ ಯಾರ ಲೆಕ್ಕಕ್ಕೆ,
ಎರಡೂ ಕಂಪನಿಗೆ ಗೊತ್ತಿಲ್ಲ.