ನಾಲ್ಕನೇ ಗುಂಡಿ

ಬೈಕಂಪಾಡಿಯಲ್ಲಿ ನಮ್ಮದು ಸ್ಟೀಲು ಲೋಟದ ಫ್ಯಾಕ್ಟರಿ.
ಬೆಲ್ಟಿನ ಮೇಲೆ ಲೋಟಗಳು ಬರುತ್ತವೆ, ಪಕ್ಕದಲ್ಲೊಂದು ಕ್ಯಾಮೆರಾ
ರೆಪ್ಪೆ ಬಡಿಯದೆ ನೋಡುತ್ತದೆ:
ಗೀರು ಉಂಟಾ, ತಗ್ಗು ಉಂಟಾ, ಅಂಚು ನೆಟ್ಟಗೆ ಉಂಟಾ.
ಅದಕ್ಕೆ ತಿಳಿಯದ್ದು ಮಾಳಿಗೆಗೆ, ನನ್ನ ಪರದೆಗೆ.
ನಾನು ಒತ್ತುವುದು ಮೂರೇ ಗುಂಡಿ:
ಸರಿ. ಗೀರು. ಕಲೆ.
ಸಂಜೆಗೆ ಎಂಟುನೂರು ಲೋಟ,
ಒಂದರಲ್ಲೂ ನೀರಿಲ್ಲ.

ಮಂಗಳವಾರ ಅದು ಕೆಂಪು ಚೌಕ ಹಾಕಿ ಕಳಿಸಿದ್ದನ್ನು
ದೊಡ್ಡದು ಮಾಡಿ ನೋಡಿದೆ.
ಕಲೆ ಅಲ್ಲ. ಸೆವ್ರಿನ್ ಬಾಯಿ.
ಲೋಟದ ಹೊಟ್ಟೆಯಲ್ಲಿ ಬೆಂಡೆಕಾಯಿಯಷ್ಟು ಸಪೂರಾಗಿ
ಪಾಲಿಶ್ ಬಟ್ಟೆಯ ಹಿಂಬದಿಯಿಂದ ಕಣ್ಣು ಒರೆಸುತ್ತಿದ್ದರು.
ಯಂತ್ರದ ಷರಾ: ಕಲೆ, ಶೇಕಡಾ ತೊಂಬತ್ತೊಂದು.

ಯಾವ ಗುಂಡಿ ಒತ್ತಲಿ?

ಹುಡುಕಲು ಹೊರಟರೆ ಎಲ್ಲರೂ ಇದ್ದರು ಅಲ್ಲಿ.
ನೆಬೀಸಾ, ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು
ಯಾರಿಗೋ ಕೈಮುಗಿಯುವಂತೆ ಮಾತಾಡುವುದು.
ವಾರಿಜ ಸೆರಗಿನಡಿ ಹೊಟ್ಟೆ ಸವರಿಕೊಳ್ಳುವುದು,
ಮೂರು ತಿಂಗಳೋ ನಾಲ್ಕೋ, ಮನೆಯಲ್ಲೂ ಹೇಳಿದ್ದಾಳೋ ಇಲ್ಲವೋ,
ಲೋಟಗಳಿಗೆ ಗೊತ್ತು.
ಜಗ್ಗಿನ ಕುತ್ತಿಗೆಯಲ್ಲಿ ನಾನೂ ಇದ್ದೆ,
ಬಾಯಿ ತುಂಬ ಗೋಳಿಬಜೆ.

ಪಡಿಯಾರ್ ಸಾರ್ ನಕ್ಕರು.
"ಕ್ಯಾಮೆರಾ ಲೋಟ ನೋಡುವುದು ಮಾರಾಯ್ತಿ, ನಿಮ್ಮನ್ನಲ್ಲ."
ಪುಣೆಗೆ ಹೋಗುವ ಚಿತ್ರ ಅಲ್ಲಿ ಎಷ್ಟು ದಿನ ಇರುತ್ತದೆ, ಸಾರ್?
ಅವರು ಕನ್ನಡಕ ತೆಗೆದು ಒರೆಸಿದರು.
ಗಾಜಿನಲ್ಲಿ ಎರಡು ಕಿಟಕಿ, ಎರಡು ನಾನು.
"ಹಾಗೆ ಕೇಳಿದರೆ... ಗೊತ್ತಿಲ್ಲ."
ಅದರಲ್ಲಿ ಸುಳ್ಳಿರಲಿಲ್ಲ. ಅದೇ ಹೆದರಿಕೆ.

ರಾತ್ರಿ ಪಾತ್ರೆ ತೊಳೆಯುತ್ತಾ ಅನಿಸಿತು,
ಉಕ್ಕು ಎಷ್ಟು ಮರ್ಯಾದಸ್ಥ.
ಎದುರು ನಿಂತರೆ ತೋರಿಸುತ್ತದೆ, ಸರಿದರೆ ಮರೆಯುತ್ತದೆ.
ಕುಡಿದವನ ತುಟಿ, ಅತ್ತವಳ ಮೂಗು,
ಬಚ್ಚಲ ಬಾಗಿಲು ಹಾಕುವ ಮುಂಚಿನ ಬೆನ್ನು,
ಯಾವುದನ್ನೂ ಪಕ್ಕದ ಮನೆಗೆ ಒಯ್ಯುವುದಿಲ್ಲ.
ಅದಕ್ಕೆ ಚಾಡಿ ಹೇಳಲು ಕಲಿಸಿದ್ದು ನಾವು.

ಮೆಕ್ಯಾನಿಕ್ ದೇಜಪ್ಪಣ್ಣನದು ಮಾತು ಕಡಿಮೆ.
ಪೂರ್ತಿ ಕೇಳಿದರು, ಬೀಡಿ ಹೊಸಕಿದರು,
ಮರುದಿನ ಒಂದು ಹಳೆಯ ಬಿಳಿ ಮುಂಡು ತಂದು
ಮುರಿದ ಕೊಡೆಯ ಕಡ್ಡಿ ಬಗ್ಗಿಸಿ
ಕ್ಯಾಮೆರಾಕ್ಕೊಂದು ಡೇರೆ ಕಟ್ಟಿದರು.
ದೀಪ ಬಟ್ಟೆಯ ಹೊರಗೆ, ಲೋಟ ಒಳಗೆ.
ಈಗ ಅದರ ಮೈಯಲ್ಲಿ ಹಾಲಿನಂಥ ಬೆಳಕು, ಮತ್ತೇನಿಲ್ಲ.
ವಿಚಿತ್ರವೆಂದರೆ ಗೀರು ಮೊದಲಿಗಿಂತ ಸ್ಪಷ್ಟ ಕಾಣುತ್ತದೆ.
ನಮ್ಮ ಮುಖಗಳೇ ಅದಕ್ಕೆ ಅಡ್ಡ ಇದ್ದದ್ದು.
"ಖರ್ಚೆಷ್ಟು?" ಅಂದರು ಪಡಿಯಾರ್ ಸಾರ್.
"ಮುಂಡು ಹಳತು," ಅಂದರು ದೇಜಪ್ಪಣ್ಣ.

ಆದರೆ ಹನ್ನೊಂದು ತಿಂಗಳ ಚಿತ್ರ ಪುಣೆಯಲ್ಲಿ ಉಂಟು.
ಅಳಿಸಿ ಎಂದು ಬರೆದಿದ್ದೇನೆ, ಎರಡು ಸಲ.
ನಿಮ್ಮ ಕೋರಿಕೆ ತಲುಪಿದೆ ಎಂಬ ಉತ್ತರ,
ಜೊತೆಗೆ ಹದಿನಾಲ್ಕು ಅಂಕಿಯ ಒಂದು ಸಂಖ್ಯೆ.
ಲೋಟಗಳೋ, ಯಾವತ್ತೋ ಹೊರಟು ಹೋದವು.
ಸುರತ್ಕಲ್ಲಿನ ಯಾವ ಹೋಟೆಲಿನಲ್ಲೋ, ಹೆಜಮಾಡಿಯ ಯಾವ ಅಡುಗೆಮನೆಯಲ್ಲೋ
ಯಾರೋ ಅದರಲ್ಲಿ ಗಂಜಿತಿಳಿ ಕುಡಿಯುತ್ತಿದ್ದಾರೆ.
ಅವರಿಗೆ ಕಾಣುವುದು ಅವರದೇ ಮುಖ.

ಮಂಗಳವಾರದ ಆ ಚಿತ್ರ ಇನ್ನೂ ನನ್ನ ಸಾಲಿನಲ್ಲಿ ನಿಂತಿದೆ,
ಇಲ್ಲದ ಗುಂಡಿಗೆ ಕಾಯುತ್ತಾ.
ಸೆವ್ರಿನ್ ಬಾಯಿಗೆ ಹೇಳಬೇಕಾ, ಬೇಡವಾ?
ಇವತ್ತು ಊಟಕ್ಕೆ ಕೂತಾಗ ಬಿಂಬುಳಿ ಉಪ್ಪಿನಕಾಯಿ ಕೊಟ್ಟರು,
"ಎಂತ ಹಾಗೆ ನೋಡುವುದು?" ಅಂದರು.
ನಾನು ಕಣ್ಣು ತಗ್ಗಿಸಿದೆ, ತಟ್ಟೆಗೆ.

ಅದೂ ಸ್ಟೀಲಿನದು.