ಒಣಗುವವರೆಗೆ

ಸುಣ್ಣ ಹಸಿ ಇದ್ದಾಗ ಏನನ್ನೂ ಮುಚ್ಚುವುದಿಲ್ಲ.
ಇದು ಹೊಡೆಯುವವನಿಗೆ ಮಾತ್ರ ಗೊತ್ತು.
ಬಳಿದ ಮೇಲೂ ಅರ್ಧ ಗಂಟೆ
ಅಡಿಯ ಚಿತ್ರ ನೀರೊಳಗಿನ ಕಲ್ಲಿನ ಹಾಗೆ ಕಾಣುತ್ತಿರುತ್ತದೆ.
ಆಮೇಲೆ ಬಿಸಿಲು ಬರುತ್ತದೆ.

ನಾನು ಕಾರ್ಪೊರೇಷನ್ನಿನ ಸುಣ್ಣದ ಚೌಡಪ್ಪ.
ಹೊಳೆ ಬಸ್‌ಸ್ಟಾಪಿನಿಂದ ಹಳೇ ಜೈಲಿನವರೆಗೆ
ಗೋಡೆಗಳೆಲ್ಲ ನನ್ನ ಲೆಕ್ಕಕ್ಕೆ.
ರಾತ್ರಿಯ ಲೆಕ್ಕ ಹಾಲಮ್ಮನದು,
ಭದ್ರಾವತಿಯಲ್ಲಿ ಲಾರಿಗಳ ಬೆನ್ನಿಗೆ
ನಂಬರು, ನವಿಲು, 'ಹಾರ್ನ್ ಮಾಡಿ' ಬರೆಯುತ್ತಿದ್ದ
ರುದ್ರೋಜಿ ಪೇಂಟರನ ಮಗಳು.

ಅವಳು ನೀರುನಾಯಿ ಬರೆದಳು. ನಾನು ಬಳಿದೆ.
ಮರುದಿನ ಅದೇ ನೀರುನಾಯಿ, ಒಂದು ಗೇಣು ಮುಂದೆ.
ಬಳಿದೆ.
ಮತ್ತೊಂದು ಗೇಣು. ಈ ಸಲ ತಲೆ ತಿರುಗಿಸಿ
ನನ್ನನ್ನೇ ನೋಡುತ್ತಿತ್ತು.
ಬಕೆಟ್ಟು ಕೆಳಗಿಟ್ಟು ಬೈದೆ,
ನಾಯಿಯನ್ನೋ, ಬರೆದವರನ್ನೋ.

ಹದಿನೇಳನೇ ಬೆಳಿಗ್ಗೆ ಅವಳೇ ನಿಂತಿದ್ದಳು.
ಉಗುರಿನಲ್ಲಿ ನೀಲಿ,
ಎದುರಿನ ಬೀಡಾ ಅಂಗಡಿಯ ಕಟ್ಟೆಯ ಮೇಲೆ ಎರವಲು ಕ್ಯಾಮೆರಾ.
ಜಗಳಕ್ಕೆ ಬಂದಳು ಅಂದುಕೊಂಡರೆ
'ಅಣ್ಣಾ, ನಾಳೆ ಎಷ್ಟು ಗಂಟೆಗೆ ಬರ್ತೀಯ?
ಒಂಚೂರು ನೀರು ಜಾಸ್ತಿ ಹಾಕು, ನಿಧಾನ ಒಣಗಲಿ.'
ಹಾಕಿದೆ.
ಮೇಸ್ತ್ರಿಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ಎಲ್ಲೆಲ್ಲೋ ಹೋದಳು, ಬಂದಳು.
ಗೊಂಬೆ ಮಾಡಿದಳು, ನಾಟಕದವರಿಗೆ ಪರದೆ ಹೊಲಿದಳು,
ತಗಡಿಗೆ ಬ್ರಶ್ಶು ಉಜ್ಜಿ ಆ ಸದ್ದನ್ನು ಹಿಡಿದಿಟ್ಟಳು,
ಯಾರ್ಯಾರದೋ ಮದುವೆ ಶೂಟ್ ಮಾಡಿ ರೂಮಿನ ಬಾಡಿಗೆ ಕಟ್ಟಿದಳು.
ಸಹಾಯಧನದ ಅರ್ಜಿಯಲ್ಲಿ 'ವೃತ್ತಿ' ಅಂತ ಅರ್ಧ ಇಂಚು ಜಾಗ.
'ಏನು ಬರೀಲಿ ಅಣ್ಣಾ?'
ನನಗೇನು ಗೊತ್ತು, 'ಗೋಡೆ' ಅಂತ ಬರಿ ಅಂದೆ.
ಬರೆದಳು.
ಅರ್ಜಿ ವಾಪಸು ಬಂತು.

ಮೊನ್ನೆ ಅಂಬೇಡ್ಕರ್ ಭವನದಲ್ಲಿ ಅವಳ ಸಿನಿಮಾ.
ಹನ್ನೊಂದು ತಿಂಗಳ ಗೋಡೆ, ನಾಲ್ಕೇ ನಿಮಿಷ.
ನೀರುನಾಯಿ ಊರಿಡೀ ಈಜಿತು,
ಎಟಿಎಮ್ಮಿನ ಶಟರು, ಶಾಲೆಯ ಕಾಂಪೌಂಡು, ಜೈಲು ದಾಟಿ
ಮೆಟ್ಟಿಲಿಳಿದು ತುಂಗೆಗೆ ಬಿತ್ತು.
ಒಂದೊಂದು ಗೇಣಿಗೂ ಹಿಂದಿನದು
ತೆಳ್ಳಗೆ ಬಿಳಿಯೊಳಗೆ ಮುಳುಗುತ್ತಿತ್ತು.
ಅದು ನನ್ನ ಅರ್ಧ ಗಂಟೆ.

ಕೊನೆಗೆ ಹೆಸರುಗಳು.
'ಸಂಕಲನ: ಸುಣ್ಣದ ಚೌಡಪ್ಪ.'
ನಾಲ್ಕನೇ ಕ್ಲಾಸಿನಲ್ಲಿ ಸಂಕಲನ ಅಂದರೆ ಕೂಡುವ ಲೆಕ್ಕ.
ನಾನು ಇಷ್ಟು ವರ್ಷ
ಕಳೆಯುತ್ತಿದ್ದೇನೆ ಅಂತಲೇ ತಿಳಿದಿದ್ದೆ.

ದೀಪ ಹತ್ತಿತು. ಜನ ಎದ್ದರು, ಚಪ್ಪಲಿ ಹುಡುಕಿದರು.
ಪರದೆ ಬೆಳ್ಳಗೆ, ಖಾಲಿ.
ನಾನು ಕೂತೇ ಇದ್ದೆ,
ಇನ್ನೂ ಹಸಿ ಇರಬಹುದು ಅಂತ.